ಒದ್ದೆ ಬಟ್ಟೆಯಲ್ಲಿ ಬಂದ ಕಳ್ಳಿ ಹೂವು

ನಮ್ಮ ಮನೆಯಲ್ಲಿ ಹೂವು ಅಂದರೆ ಅತ್ತೆಯವರ ಖಾತೆ. ಕೃಷ್ಣಮೂರ್ತಿಪುರಂನ ನಮ್ಮ ಪುಟ್ಟ ಕಾಂಪೌಂಡಿನಲ್ಲಿ ಒಂದು ದಾಸವಾಳ, ಒಂದು ನಂದಬಟ್ಟಲು, ಗೇಟಿನ ಪಕ್ಕ ಒಂದು ಮಲ್ಲಿಗೆ ಇವೆ. ಮೂರಕ್ಕೂ ಅವರೇ ಒಡತಿ. ದಾಸವಾಳ, ನಂದಬಟ್ಟಲು ನಾನು ಏಳುವ ಹೊತ್ತಿಗಾಗಲೇ ಬುಟ್ಟಿ ಸೇರಿರುತ್ತವೆ. ಮಲ್ಲಿಗೆಯದು ಇನ್ನೂ ಮುಂಚಿತ. ಸಂಜೆ ಐದಕ್ಕೆ ಸೆರಗು ಸಿಕ್ಕಿಸಿಕೊಂಡು ಮೊಗ್ಗನ್ನೆಲ್ಲ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಗೆ ಹಾಕಿಡುತ್ತಾರೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಒಳಗೇ ಅರಳಿರುತ್ತದೆ. ಕಟ್ಟಿದ ಮಾಲೆ ಮೊದಲು ದೇವರಿಗೆ, ಆಮೇಲೆ ಅಕ್ಕಪಕ್ಕದ ಮುತ್ತೈದೆಯರಿಗೆ, ಉಳಿದರೆ ನನಗೊಂದು ಗೇಣು. ಮದುವೆಯಾಗಿ ಹದಿನಾಲ್ಕು ವರ್ಷವಾಯಿತು, ಈ ಮನೆಯಲ್ಲಿ ಒಂದು ಹೂವು ಗಿಡದ ಮೇಲೇ ಅರಳಿ ನಿಂತದ್ದನ್ನು ನಾನು ಕಂಡವಳಲ್ಲ.

ಹಾಗಾಗಿ ಒಂದು ಭಾನುವಾರ ನರ್ಸರಿಯಲ್ಲಿ ಆ ಕ್ಯಾಕ್ಟಸ್ ಕಂಡಾಗ ಯಾರನ್ನೂ ಕೇಳದೆ ಕೊಂಡುಬಿಟ್ಟೆ. ಮುಷ್ಟಿ ಗಾತ್ರದ ಗುಂಡು ಗಿಡ, ಮೈತುಂಬ ಕೂದಲಿನಂಥ ಸಣ್ಣ ಮುಳ್ಳು, ನೆತ್ತಿಯ ಮೇಲೆ ಎರಡು ಮೊಗ್ಗು. ನರ್ಸರಿಯವನು, “ಒಂದೊಂದು ಹೂವು ಮೂರು ದಿನ ಇರುತ್ತೆ ಮೇಡಂ. ಬಿಸಿಲು ಏರಿದಾಗ ಅರಳುತ್ತೆ, ಇಳಿದಾಗ ಮುಚ್ಕೊಳುತ್ತೆ. ಪಕ್ಕದಲ್ಲಿ ಕೂತ್ರೆ ಕಣ್ಣೆದುರಿಗೇ ಬಿಚ್ಕೊಳೋದು ಕಾಣುತ್ತೆ” ಅಂದ. ಅದೊಂದು ಮಾತಿಗೆ ನಾನು ಸೋತೆ. ಈ ಹೂವು ದೇವರಿಗೂ ಅಲ್ಲ, ಜಡೆಗೂ ಅಲ್ಲ. ಇದು ಅರಳುವುದನ್ನು ನಾನೊಬ್ಬಳು ಕೂತು ನೋಡುತ್ತೇನೆ ಅಂತ ಆಸೆಪಟ್ಟೆ. ದೊಡ್ಡ ಆಸೆಯೇನಲ್ಲ.

ಗಿಡವನ್ನು ಕಂಡ ಕೂಡಲೇ ಅತ್ತೆಯವರು ಹಣೆ ಗಂಟಿಕ್ಕಿದರು. “ಮುಳ್ಳಿನ ಗಿಡ ಮನೇಲಿಟ್ರೆ ಜಗಳ ಆಗುತ್ತೆ ಕಣಮ್ಮ.”

“ಆಗಲ್ಲ ಬಿಡಿ ಅತ್ತೆ” ಅಂದೆ. ಬುಧವಾರ ಸಂಜೆಯೇ ಜಗಳ ಆಯಿತು.

ನಾನು ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ತಪಾಸಣೆಯ ವಿಭಾಗದವಳು. ಇಡೀ ದಿನ ಭೂತಗನ್ನಡಿಯ ಕೆಳಗೆ ಉಗುರಿನಷ್ಟು ಚಿಕ್ಕ ಬಿಡಿಭಾಗಗಳನ್ನು ಚಿಮುಟದಲ್ಲಿ ಹಿಡಿದು, ಗೀರಿದೆಯೇ, ಬಿರುಕಿದೆಯೇ ಎಂದು ನೋಡುವುದೇ ನನ್ನ ಕೆಲಸ. ಅಂದು ಕಂಪನಿ ಬಸ್ಸಿಳಿದು ಮನೆಗೆ ಬಂದು ನೋಡಿದರೆ ಎರಡು ಮೊಗ್ಗಿನಲ್ಲಿ ಒಂದು ನಾಪತ್ತೆ. ಗಿಡದ ಸುತ್ತಮುತ್ತ ಹುಡುಕಿದೆ. ಇರುವೆ ಹೊತ್ತೊಯ್ಯುವಷ್ಟು ಹಗುರದ್ದೇನಲ್ಲ.

“ಅದಾ? ದಪ್ಪಗಾಗಿತ್ತು, ನಾಳೆಗೆ ಅರಳ್ಲಿ ಅಂತ ಮಲ್ಲಿಗೆ ಜೊತೆ ಡಬ್ಬೀಲಿ ಹಾಕಿದೀನಿ” ಅಂದರು ಅತ್ತೆ, ಉಪಕಾರ ಮಾಡಿದವರ ದನಿಯಲ್ಲಿ.

“ಅತ್ತೆ! ಅದು ಗಿಡದ ಮೇಲೇ ಅರಳ್ಬೇಕು!”

“ಮೊಗ್ಗು ಅಂದ್ಮೇಲೆ ಎಲ್ಲಾದ್ರೇನು, ಅರಳುತ್ತೆ. ಐವತ್ತು ವರ್ಷದಿಂದ ಬಿಡಿಸ್ತಿದೀನಿ, ನನಗೆ ಗೊತ್ತಿಲ್ವಾ?”

ಬೆಳಿಗ್ಗೆ ಡಬ್ಬಿ ತೆಗೆದರೆ ಮಲ್ಲಿಗೆಯ ಮಧ್ಯೆ ಅದು ಲೋಳೆ ಲೋಳೆಯಾಗಿ ಕೂತಿತ್ತು. ಅತ್ತೆಯವರು ಎರಡು ಬೆರಳಲ್ಲಿ ಎತ್ತಿ ನೋಡಿ, “ನಿನ್ ಗಿಡಾನೇ ಸರಿ ಇಲ್ಲ” ಎಂದು ತೀರ್ಪು ಕೊಟ್ಟರು. ನಾನು ತಿಂಡಿ ತಿನ್ನದೆ ಬಸ್ಸು ಹತ್ತಿದೆ. ಮೊಗ್ಗಿಗೋಸ್ಕರ ತಿಂಡಿ ಬಿಟ್ಟಳು ಎಂದು ಅವರಿಗೆ, ಮೊಗ್ಗಿನ ಬೆಲೆ ಇವರಿಗೆ ಗೊತ್ತಿಲ್ಲ ಎಂದು ನನಗೆ ಸಿಟ್ಟು. ಹೊರಡುವ ಮುಂಚೆ ಇದಕ್ಕೆ ಬಿಸಿಲು ಬೇಕು ಅಂತ ಹೇಳಿ ಗಿಡವನ್ನು ತಾರಸಿಗೆ ಸಾಗಿಸಿ, ಉಳಿದ ಮೊಗ್ಗನ್ನು ಯಾರೂ ಮುಟ್ಟಕೂಡದು ಎಂದು ಅಪ್ಪಣೆ ಮಾಡಿದ್ದೆ.

ಯಾರೂ ಮುಟ್ಟಲಿಲ್ಲ. ಅಂದೇ, ಆ ಗುರುವಾರವೇ, ಅದು ಅರಳಿತು. ಹನ್ನೊಂದಕ್ಕೆ ಬಿಚ್ಚಿಕೊಂಡು ನಾಲ್ಕಕ್ಕೆ ಮುಚ್ಚಿಕೊಂಡಿತಂತೆ. ನಾನು ಮನೆ ಸೇರುವುದು ಆರಕ್ಕೆ. ತಾರಸಿಯಲ್ಲಿ ಮುದುಡಿದ ಮೊಗ್ಗಿನ ಮುಂದೆ ಬ್ಯಾಗು ಹೆಗಲಲ್ಲಿ ಹಾಗೇ ನಿಂತೆ. ಅಳು ಬಂತು. ನಲವತ್ತು ದಾಟಿದವಳು ಕಳ್ಳಿ ಗಿಡದೆದುರು ಅಳುವುದು ನಾಚಿಕೆಗೇಡು, ಆದರೂ ಬಂತು.

“ಹೆಂಗಿತ್ತು ಅತ್ತೆ ಹೂವು?”

“ಹೂವಿದ್ದಂಗೇ ಇತ್ತು.”

“ಬಣ್ಣ?”

“ಹಳದಿ ಅನ್ನು. ಅರಿಶಿನ ಅಲ್ಲ, ನಿಂಬೆಹಣ್ಣೂ ಅಲ್ಲ. ಅಯ್ಯೋ, ನೋಡಿದ್ರೆ ಗೊತ್ತಾಗೋದಪ್ಪ ನಿಂಗೆ.”

ಅದೇ ತಾನೇ ತಾಯಿ ನಾನೂ ಬಡಕೊಳ್ಳುತ್ತಿರುವುದು! ಶುಕ್ರವಾರ ನನ್ನ ಗಂಡ ಮನೆಗೆ ಊಟಕ್ಕೆ ಬಂದಾಗ ಫೋಟೋ ತೆಗೆದು ಕಳಿಸಿದರು. ಅರ್ಧ ಫೋಟೋ ಅವರ ಹೆಬ್ಬೆರಳು, ಇನ್ನರ್ಧ ನೀರಿನ ಟ್ಯಾಂಕು, ಮೂಲೆಯಲ್ಲೊಂದು ಹಳದಿ ಚುಕ್ಕೆ. ಶನಿವಾರಕ್ಕೆ ರಜೆ ಕೇಳಿದೆ. ಮೇಲ್ವಿಚಾರಕರು ಕಾರಣ ಕೇಳಿದರು. ಹುಷಾರಿಲ್ಲ ಅನ್ನಬಹುದಿತ್ತು, ಪೆದ್ದಿಯ ಹಾಗೆ ನಿಜ ಹೇಳಿದೆ. ಅವರು ನಕ್ಕ ನಗು ಇಡೀ ವಿಭಾಗಕ್ಕೆ ಕೇಳಿಸಿತು, ರಜೆ ಮಾತ್ರ ಸಿಗಲಿಲ್ಲ. ಅಂದು ಸಂಜೆ ಮನೆಯಲ್ಲಿ ಪಾತ್ರೆಗಳನ್ನು ಕುಕ್ಕುತ್ತಾ ಎಲ್ಲರ ಮೇಲೂ ರೇಗಿದೆ. “ನಾಳೆಗೆ ಮುಗೀತು. ಈ ಮನೇಲಿ ಒಂದು ಹೂವು ನಂದು ಅಂತ ನೋಡೋ ಯೋಗವೂ ನನಗಿಲ್ಲ” ಅಂದೆ. ಅತ್ತೆಯವರು ಪಕ್ಕದಲ್ಲೇ ಹುರುಳಿಕಾಯಿ ಸೋಸುತ್ತಿದ್ದರು.

ಶನಿವಾರ ಮಧ್ಯಾಹ್ನ ಊಟದ ಗಂಟೆ ಹೊಡೆದ ಐದು ನಿಮಿಷಕ್ಕೆ ಗೇಟಿನ ಸೆಕ್ಯುರಿಟಿಯವನು ಹೇಳಿಕಳಿಸಿದ. “ನಿಮ್ಮನೆಯಿಂದ ಯಾರೋ ಅಜ್ಜಿ ಬಂದವ್ರೆ.” ಮಾರುಕಟ್ಟೆಗೆ ಹೋಗಲೂ ಜೊತೆಗೆ ಯಾರಾದರೂ ಬೇಕೆನ್ನುವ ಹೆಂಗಸು ಊರಿನ ಆ ತುದಿಯಿಂದ ಈ ತುದಿಗೆ ಒಬ್ಬರೇ ಬಂದಿದ್ದಾರೆ ಅಂದರೆ ಏನೋ ಅನಾಹುತವೇ ಸರಿ. ಊಟದ ಡಬ್ಬಿ ಕೈಯಲ್ಲಿದ್ದಂತೆಯೇ ಓಡಿದೆ.

ಆಟೋದೊಳಗೆ ಅತ್ತೆಯವರು ಮಡಿಲಲ್ಲಿ ಗಂಟು ಇಟ್ಟುಕೊಂಡು ನೆಟ್ಟಗೆ ಕೂತಿದ್ದರು. “ಬಾ ಬಾ, ನೋಡ್ಕೊ ನಿನ್ ಹೂವ. ಅರಳಿದ ತಕ್ಷಣ ಎತ್ಕೊಂಡು ಬಂದ್ಬುಟ್ಟೆ” ಎಂದು ಗಂಟು ಬಿಚ್ಚಿದರು. ಒದ್ದೆ ಬಟ್ಟೆ! ಬಾಡಬಾರದೆಂದು ಕುಂಡ, ಗಿಡ, ಹೂವು ಎಲ್ಲವನ್ನೂ ಮಲ್ಲಿಗೆಯಂತೆ ತಣ್ಣಗೆ, ಕತ್ತಲಾಗುವಂತೆ ಸುತ್ತಿ ತಂದಿದ್ದರು. ಒಳಗೆ ಹೂವು ಗಟ್ಟಿಯಾಗಿ ಕಣ್ಣು ಮುಚ್ಚಿತ್ತು.

ನಾನು ತಲೆ ಚಚ್ಚಿಕೊಂಡೆ. ನಿಜವಾಗಿಯೂ, ಅಂಗೈಯಲ್ಲಿ, ಸೆಕ್ಯುರಿಟಿಯವನ ಎದುರಿಗೇ. “ಅತ್ತೆ, ಇದಕ್ಕೆ ಬಿಸಿಲು ಬೇಕು ಅತ್ತೆ! ಬಿಸಿಲು!”

“ಹಂಗಂತ ಮೊದ್ಲೇ ಹೇಳ್ಬಾರ್ದಾ?”

ಎಷ್ಟು ಸಲ ಹೇಳಿದ್ದೆ ಎಂದು ಲೆಕ್ಕ ಒಪ್ಪಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಕುಂಡವನ್ನು ಕೊಡಲು ಕೈ ಚಾಚಿದರು, ಆ ಕೈ ಕಂಡಿತು. ಬೆರಳ ತುದಿಗಳಲ್ಲಿ, ಅಂಗೈಯಲ್ಲಿ, ಮಣಿಕಟ್ಟಿನ ತನಕ ಮುಳ್ಳು. ಆಟೋ ಹಾರಿದಲ್ಲೆಲ್ಲ ಗಿಡ ಬೀಳದಿರಲೆಂದು ಹೂವಿಗೆ ತಾಗದ ಹಾಗೆ ಬಟ್ಟೆಯ ಮೇಲಿಂದಲೇ ಅದರ ಮೈಯನ್ನು ಒತ್ತಿ ಹಿಡಿದು ಬಂದಿದ್ದರು. ಬೆರಳುಗಳು ಆಗಲೇ ಊದುತ್ತಿದ್ದವು.

“ಏನತ್ತೆ ಇದು?”

“ಏನಿಲ್ಲ, ಚುಚ್ಚುತ್ತೆ ಅಷ್ಟೆ.”

ಗೇಟಿನ ಪಕ್ಕದ ಸಿಮೆಂಟ್ ಕಟ್ಟೆಯ ಮೇಲೆ ಕುಂಡವನ್ನು ಬಿಸಿಲಿಗಿಟ್ಟೆ. ಅವರನ್ನು ಪಕ್ಕದಲ್ಲಿ ಕೂರಿಸಿದೆ. ಏಪ್ರನ್ ಜೇಬಿನಲ್ಲಿ ಚಿಮುಟವಿತ್ತು, ಪುಟ್ಟ ಭೂತಗನ್ನಡಿಯೂ ಇತ್ತು. ಅವರ ಕೈಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ಮುಳ್ಳು ಕೀಳತೊಡಗಿದೆ. ಬೈಯುತ್ತಲೇ ಕಿತ್ತೆ. ಇಷ್ಟು ದೂರ ಬರಲು ಯಾರು ಹೇಳಿದ್ದರು, ಮಗನಿಗೆ ಹೇಳಿ ಬಂದಿದ್ದೀರಾ, ಸಕ್ಕರೆ ಕಾಯಿಲೆಯವರು ಊಟ ಮಾಡಿದ್ದೀರಾ ಎಂದು. ಹೇಳಿರಲಿಲ್ಲ, ಮಾಡಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಅವರ ಕೈಯನ್ನು ಇಷ್ಟು ಹೊತ್ತು ಹಿಡಿದದ್ದು ಇದೇ ಮೊದಲು. ತೋರುಬೆರಳಿನ ತುದಿ ಹೂ ಕಟ್ಟುವ ನಾರಿನ ದಾರ ಎಳೆದೆಳೆದು ಸವೆದು ಕಲ್ಲಾಗಿತ್ತು. ಅಲ್ಲಿಗೆ ಮಾತ್ರ ಒಂದು ಮುಳ್ಳೂ ಇಳಿದಿರಲಿಲ್ಲ.

ಊಟ ಮುಗಿದ ಗಂಟೆ ಹೊಡೆಯಿತು. ಕೊನೆಯ ಮುಳ್ಳು ಕಿತ್ತು ತಲೆ ಎತ್ತಿದರೆ ಹೂವು ಪೂರ್ತಿ ಅರಳಿ ನಿಂತಿತ್ತು. ಅರಿಶಿನವಲ್ಲ, ನಿಂಬೆಯೂ ಅಲ್ಲ. ಅತ್ತೆ ಹೇಳಿದ್ದು ಸರಿಯಾಗೇ ಇತ್ತು.

“ಯಾವಾಗ್ ಅರಳ್ತು ಇದು?” ಅಂದರು ಅವರು.

“ನಾನು ನೋಡ್ಲಿಲ್ಲ.”

“ನೋಡ್ಲಿಲ್ವಾ! ಅಷ್ಟು ದೂರದಿಂದ ತಂದಿದೀನಿ, ಪಕ್ಕದಲ್ಲೇ ಕೂತ್ಕೊಂಡು ಏನ್ ನೋಡ್ತಿದ್ದೆ ನೀನು?”

ನನ್ನ ಊಟದ ಡಬ್ಬಿಯಲ್ಲಿದ್ದ ಎರಡು ಚಪಾತಿಯನ್ನು ಅವರ ಕೈಗಿಟ್ಟು ಆಟೋ ಹತ್ತಿಸಿ, ಕುಂಡವನ್ನು ಒಳಗೆ ಸೀಟಿನ ಮೇಲೆ ಇಡಿ ಅಂದೆ. ಕೇಳಿದರೆ ತಾನೆ? ಒದ್ದೆ ಬಟ್ಟೆಯನ್ನು ಹಿಂಡಿ ನನ್ನ ಕೈಗೆ ಕೊಟ್ಟರು. ಆಟೋ ತಿರುಗುವಾಗ ನೋಡಿದೆ, ಹೂವು ಮುಚ್ಚಿಕೊಳ್ಳದಿರಲೆಂದು, ಆಗಷ್ಟೇ ಮುಳ್ಳು ಕಿತ್ತ ಕೈಯಲ್ಲಿ ಕುಂಡ ಹಿಡಿದು, ಅದನ್ನು ಹೊರಗೆ ಬಿಸಿಲಿಗೆ ಚಾಚಿಕೊಂಡು ಕೂತಿದ್ದರು.