ಕಾಕಾ ತಕ್ಕಡಿ ಏರಿದ ದಿನ

ಕಾಕಾ ಗಾದಿಯ ಮೇಲೆ ಕೂತರೆ ಕೊರಳಿನ ಲಿಂಗದ ಬೆಳ್ಳಿ ಕರಡಿಗೆ ಜೋತುಬೀಳುತ್ತಿರಲಿಲ್ಲ, ಹೊಟ್ಟೆಯ ಮೇಲೆ ಆರಾಮಾಗಿ ಕೂತಿರುತ್ತಿತ್ತು. ಅಂಥ ಹೊಟ್ಟೆ! ಗೋಕಾಕದ ಪೇಟೆಯಲ್ಲಿ ಅವರದು ರೈತರ ಬೆಲ್ಲ ತೂಗಿ ಮಾರಿಕೊಡುವ ಅಡತಿ ಅಂಗಡಿ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಾನು ಸರ್ಕಾರಿ ದವಾಖಾನೆಗೆ ನರ್ಸಾಗಿ ಬಂದಾಗ ಬಾಡಿಗೆಗೆ ಮನೆ ಕೊಟ್ಟವರು ಅವರೇ. "ಉಂಡೀರೇನ್ರಿ ಬಾಯಾರ?" ಎಂದು ದಿನವೂ ಕೇಳುವರು. ಉಂಡೆ ಎಂದರೂ ಅಂಗೈಗೆ ಬೆಲ್ಲ, ಶೇಂಗಾ ಬೀಳುತ್ತಿತ್ತು.

ಆಗ ಹತ್ತಿರದ ಹಳ್ಳಿ ಮೇಲವಂಕಿಯ ಕೂಲಿಕೇರಿಯಲ್ಲಿ ಬಸುರಿಯರು ಕಡ್ಡಿಯಾಗಿ ಸೊರಗುತ್ತಿದ್ದರು. ಅವರಿಗೊಂದು ಹಾಲಿನ ಪುಡಿಯ ಕೇಂದ್ರ ಕೊಡಿ ಎಂದು ಬೆಳಗಾವಿಯ ಆರೋಗ್ಯ ಕಚೇರಿಗೆ ಬರೆದು ಬರೆದು ನನಗೆ ಸಾಕಾಗಿತ್ತು. ಕೊನೆಗೊಬ್ಬ ಸಾಹೇಬರು ಬಂದರು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮಕ್ಕಳನ್ನು ಬಿಟ್ಟು ದೊಡ್ಡವರನ್ನು ತೂಗುವುದು, ಮಂದಿ ತೀರ ಬಡಕಲಾಗಿದ್ದರೆ ಹಾಲು ಕೊಡುವುದು ಎಂದು ಲೆಕ್ಕ. ಊರೂರು ತಿರುಗಲು ಮಹಾಶಯರಿಗೆ ಪುರುಸೊತ್ತಿಲ್ಲ! ಪೇಟೆಯಲ್ಲೇ ಕಾಕಾ ಅಂಗಡಿಯ ದೊಡ್ಡ ತಕ್ಕಡಿ ಇದೆಯಲ್ಲ, ಮಂದಿಯನ್ನು ಅಲ್ಲಿಗೇ ಕರೆಸಿ ಎಂದರು. ಕರೆಸುವ ಕೆಲಸ ಕಾಕಾ ಹಚ್ಚಿಕೊಂಡರು.

ಅವತ್ತು ಹೆರಿಗೆಯೊಂದನ್ನು ಮುಗಿಸಿ ಮಧ್ಯಾಹ್ನ ಬಂದು ನೋಡುತ್ತೇನೆ, ಅಂಗಡಿಯ ಮುಂದೆ ಮದುವೆ ಮನೆಯ ಗದ್ದಲ. ಮೂರೂ ಕಡೆಯ ವ್ಯಾಪಾರಸ್ಥರು, ಗೌಡರು, ಅವರ ಹೆಂಡಂದಿರು, ಎಲ್ಲ ರೇಷ್ಮೆಯಲ್ಲಿ. ಮಠದಲ್ಲಿ ಬೆಲ್ಲದ ತುಲಾಭಾರ ಮಾಡಿಸಿ ರೂಢಿಯಾದ ಮಂದಿ. ತಕ್ಕಡಿಗೆ ಕೈಮುಗಿದು ನಗುನಗುತ್ತ ಕೂತರು. ಹೆಚ್ಚು ತೂಗಿದವರಿಗೆ ಚಪ್ಪಾಳೆ. ಕಾಕಾ ಏರಿದಾಗಲಂತೂ ಪೇಟೆಯೇ ಕೂಗಿತು.

"ಕೂಲಿ ಮಂದಿ ಎಲ್ಲಿ ಕಾಕಾ?" ಎಂದೆ.

"ಏನ್ ಹುಚ್ಚ ಮಾತ್ರಿ ಬಾಯಾರ! ದೂರದಿಂದ ಬಂದ ಸಾಹೇಬ್ರ ಮುಂದ ಬಡಕಲ ಮಂದಿ ನಿಲ್ಲಿಸಿದ್ರ ಊರ ಮರ್ಯಾದಿ ಏನಾಗಬೇಕ್ರಿ?"

ಮೈ ಉರಿದುಹೋಯಿತು. ಅಂಗಡಿಯಲ್ಲಿ ಬೆಲ್ಲದ ಪೆಂಟೆ ಹೊರುತ್ತಿದ್ದ ಮೇಲವಂಕಿಯ ಬಸುರಿಯೊಬ್ಬಳನ್ನು ಕೈಹಿಡಿದು ತಕ್ಕಡಿಯತ್ತ ಎಳೆದೆ. "ಧಣೇರ ಲಕ್ಷ್ಮಿ ಐತ್ರೆವ್ವಾ ಅದು, ನಾ ಹೆಂಗ ಕಾಲಿಡ್ಲಿ?" ಎಂದು ಆಕೆ ತಕ್ಕಡಿ ಮುಟ್ಟಿ ಕಣ್ಣಿಗೊತ್ತಿಕೊಂಡು ಹಿಂದೆ ಸರಿದಳು. ಬಂದವರನ್ನು ತೂಗುವುದಷ್ಟೇ ತಮ್ಮ ಕೆಲಸ ಎಂದರು ಸಾಹೇಬರು.

ಬೆಳಗಾವಿಯಿಂದ ಉತ್ತರ ಬಂತು: ಈ ಭಾಗದ ದೊಡ್ಡವರಲ್ಲಿ ಬೊಜ್ಜೇ ಹೆಚ್ಚು, ಹಾಲಿನ ಅವಶ್ಯಕತೆ ಇಲ್ಲ. ಓದಿ ಹೇಳಿದರೆ ಕಾಕಾ ಹೊಟ್ಟೆ ಕುಣಿಸಿ ನಕ್ಕರು. ಆದರೆ ಸ್ವಲ್ಪ ದಿನಕ್ಕೆ ಆ ಬಸುರಿ ಹೆರಿಗೆಯಲ್ಲಿ ನನ್ನ ಕೈಯಲ್ಲೇ ಹೋದಳು, ಕೂಸೂ ಉಳಿಯಲಿಲ್ಲ. ಮೈಯಲ್ಲಿ ರಕ್ತವಿದ್ದರಲ್ಲವೇ ತಡೆಯುವುದು? ಸುದ್ದಿ ಕೇಳಿ ಕಾಕಾ ದವಾಖಾನೆಯ ಕಟ್ಟೆಗೆ ಬಂದು ಕೂತರು.

"ನನ್ನ ಹೊಟ್ಟಿ ತೂಗಿ ಆಕಿ ಹಾಲು ಕಸಗೊಂಡ್ರಲ್ರಿ ಬಾಯಾರ," ಎಂದರು.

ಮರುದಿನವೇ ನನ್ನನ್ನು ಕರೆದುಕೊಂಡು ಬೆಳಗಾವಿಗೆ ಹೊರಟರು. ಕೂಲಿಕೇರಿಗೇ ಬಂದು ಇನ್ನೊಮ್ಮೆ ತೂಗಿರಿ ಎಂದು ಕೈಮುಗಿದರು. ಸಾಹೇಬರು ಅವರನ್ನು ಮೇಲಿಂದ ಕೆಳಗೆ ನೋಡಿದರು. "ಮಂದಿ ಉಪವಾಸ ಅದಾರ ಅಂತ ಹೇಳಾಕ ನೀವ ಬಂದೀರೇನ್ರಿ?" ಕಚೇರಿಗೆ ಕಚೇರಿಯೇ ನಕ್ಕಿತು. ಕಾಕಾ ಶಲ್ಯ ಎಳೆದು ಹೊಟ್ಟೆ ಮುಚ್ಚಿಕೊಂಡರು. ಆಮೇಲೂ ಸುಮಾರು ಸಲ ಹೋಗಿಬಂದರು. ಪ್ರತಿ ಸಲವೂ ಅದೇ ನಗು.

ಕೆಲವು ವರ್ಷಕ್ಕೆ ಸಕ್ಕರೆ ಕಾಯಿಲೆ ಅವರನ್ನು ಹಿಂಡಿಹಾಕಿತು. ಪಕ್ಕೆಲುಬು ಎಣಿಸುವಂತಾದವು, ಕರಡಿಗೆ ಒಣಗಿದ ಹೊಟ್ಟೆಯ ಮುಂದೆ ಜೋತಾಡತೊಡಗಿತು. ಸೂಜಿ ಚುಚ್ಚಲು ಹೋದ ನನ್ನ ಕೈ ಹಿಡಿದು ಒಂದು ದಿನ ಎದ್ದು ಕೂತರು.

"ಬಾಯಾರ, ಈಗ ನಡೀರಿ ಬೆಳಗಾವಿಗೆ. ಈಗ ನನ್ನ ಮಾತು ನಂಬ್ತಾರ."

ನಾಳೆ ಹೋಗೋಣ ಕಾಕಾ ಎಂದೆ. ಆ ವಾರವೇ ಅವರನ್ನು ಮಣ್ಣು ಮಾಡಿದೆವು. ಮೇಲವಂಕಿಗೆ ಹಾಲು ಬರಲೇ ಇಲ್ಲ.