ಕಾವೇರಿ ಕುಡಿದ ಬ್ಯಾಟರಿ

ಗಂಗಾನಗರದಲ್ಲಿ ಕರೆಂಟು ಹೋದರೆ ಜನ ಮೊದಲು ಮಾಡುವ ಕೆಲಸ ಮೇಣದಬತ್ತಿ ಹುಡುಕುವುದಲ್ಲ. ಕಿಟಕಿಗೆ ಬಂದು ಎದುರುಮನೆಯಲ್ಲಿ ದೀಪ ಇದೆಯೇ ಎಂದು ಇಣುಕುವುದು. ಅಲ್ಲೂ ಕತ್ತಲಾಗಿದ್ದರೆ ಒಂದು ಥರದ ನೆಮ್ಮದಿ. ಅಲ್ಲಿ ಫ್ಯಾನು ತಿರುಗುತ್ತಿದ್ದರೆ ಸೆಕೆ ಇಮ್ಮಡಿಯಾಗುತ್ತದೆ. ಈ ಸಣ್ಣ ಬುದ್ಧಿ ನನಗೂ ಇದೆ, ನಿಮ್ಮ ಹತ್ತಿರ ಮುಚ್ಚಿಡುವುದೇನು.

ಆದರೆ ನಾವು ಯುಪಿಎಸ್ ಕೊಂಡದ್ದು ಹೊಟ್ಟೆಕಿಚ್ಚಿಗಲ್ಲ, ಸಂಗೀತಕ್ಕೆ. ನನ್ನ ಹೆಂಡತಿ ಶ್ಯಾಮಲಾ ಸಂಜೆ ಹೊತ್ತು ಕಂಪ್ಯೂಟರಿನ ಮುಂದೆ ಕೂತು ಮಕ್ಕಳಿಗೆ ಹಾಡು ಹೇಳಿಕೊಡುತ್ತಾಳೆ. ನಮ್ಮ ಏರಿಯಾದಲ್ಲಿ ಕರೆಂಟಿಗೂ ಸಂಜೆಯೇ ಹೋಗುವ ಮುಹೂರ್ತ. ಪಾಠ ಮತ್ತೆ ಮತ್ತೆ ಅರ್ಧಕ್ಕೆ ನಿಂತು, ಚೆನ್ನಾಗಿ ಹಾಡುವ ಹುಡುಗಿಯೊಬ್ಬಳು ಬೇರೆ ಟೀಚರ್ ಹುಡುಕಿಕೊಂಡಳು. "ಇನ್ನೊಂದ್ಸಲ ಹಿಂಗಾದ್ರೆ ಪಾಠಾನೇ ನಿಲ್ಲಿಸ್ಬಿಡ್ತೀನಿ ಕಣ್ರೀ" ಅಂದಳು ಶ್ಯಾಮಲಾ. ಮದುವೆಯಾದಂದಿನಿಂದ ಕುಕ್ಕರ್ ಕೂಗಿಗೆ ಸೋತು ಸುಮ್ಮನಾಗಿದ್ದ ಕಂಠ ಈಗಷ್ಟೇ ಬಾಯಿಬಿಟ್ಟಿತ್ತು. ಅದು ಮತ್ತೆ ಸುಮ್ಮನಾಗುವುದನ್ನು ನೆನೆದರೆ ನನಗೆ ಸಂಕಟವಾಗುತ್ತಿತ್ತು.

ಬ್ಯಾಟರಿ ಆರಿಸುವುದೆಂದರೆ ಮಗಳಿಗೆ ಗಂಡು ನೋಡಿದ ಹಾಗೆ. ಅಳಿಯ ಸಿಗುವ ಮುಂಚೆ ಸಲಹೆಗಾರರು ಸಿಗುತ್ತಾರೆ. ಒಬ್ಬರು "ಟ್ಯೂಬ್ಯುಲರ್ ತಗೊಳ್ಳಿ, ತುಂಬಾ ಹೊತ್ತು ತಡಿಯುತ್ತೆ" ಅಂದರು. ಇನ್ನೊಬ್ಬರು, "ಅದೆಲ್ಲಾ ಬಿಡಿ ಗುರು, ಎತ್ತಿ ನೋಡಿ, ಭಾರ ಇದ್ರೆ ಒಳ್ಳೇದು" ಅಂದರು. ಎತ್ತಿ ನೋಡಿದೆ. ಬ್ಯಾಟರಿ ಒಳ್ಳೆಯದೇ ಇರಬೇಕು, ನನ್ನ ಸೊಂಟ ಇವತ್ತಿಗೂ ಅದನ್ನು ಸಾರುತ್ತಿದೆ. ವಾರಂಟಿ ಎಷ್ಟು ಎಂದು ಕೇಳಿದ್ದಕ್ಕೆ ಅಂಗಡಿಯವರು ಹೇಳಿದ ಅವಧಿ ಮುಗಿಯುವಷ್ಟರಲ್ಲಿ ನನ್ನ ಸರ್ವೀಸೇ ಮುಗಿದಿರುತ್ತದೆ.

ಅಂದ ಹಾಗೆ, ನನ್ನ ಸರ್ವೀಸು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವುದು. ಸೀಸದ ಫಲಕ, ಗಂಧಕಾಮ್ಲ ಎಂದು ಬೋರ್ಡಿನ ಮೇಲೆ ಬೇಕಾದಷ್ಟು ಬ್ಯಾಟರಿ ಬರೆದಿದ್ದೇನೆ. ಆ ಬ್ಯಾಟರಿಗಳಿಗೆ ಯಾರೂ ನೀರು ಹಾಕಬೇಕಾಗಿರಲಿಲ್ಲ. ನಿಜವಾದದ್ದರ ಸ್ವಭಾವ ಬೇರೆ. ಪೂರ್ತಿ ಬರಿದಾಗಿ ಬಿದ್ದಿದ್ದರೆ ಕೆಡುತ್ತದೆ, ಕೆಲಸವೇ ಇಲ್ಲದೆ ಕೂತರೂ ಕೆಡುತ್ತದೆ. ಆಗಾಗ ಸ್ವಲ್ಪ ದುಡಿಸಿ, ಕೂಡಲೇ ಹೊಟ್ಟೆ ತುಂಬಿಸಬೇಕು. ಇಂಥ ಆರೈಕೆ ನಮ್ಮ ಕಾಲೇಜಿನಲ್ಲಿ ಪ್ರಿನ್ಸಿಪಾಲರಿಗೆ ಮಾತ್ರ ಸಿಗುತ್ತದೆ.

ಬ್ಯಾಟರಿ ಬಂದ ದಿನವೇ ಮನೆಯವರನ್ನು ಕೂರಿಸಿ ಪಾಠ ಮಾಡಿದೆ. "ಇದಕ್ಕೆ ಡಿಸ್ಟಿಲ್ಡ್ ವಾಟರ್ ಮಾತ್ರ. ಮನೆ ನೀರು ಯಾವುದೇ ಕಾರಣಕ್ಕೂ ಹಾಕಬಾರದು." ಅಮ್ಮ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದರು. ತಲೆಯಾಡಿಸುವ ವಿದ್ಯಾರ್ಥಿಯನ್ನು ನಂಬಬಾರದೆಂದು ಮೇಷ್ಟ್ರಾದ ನನಗೆ ಗೊತ್ತಿರಬೇಕಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಎರಡು ನಲ್ಲಿ. ಒಂದರಲ್ಲಿ ಬೋರ್‌ವೆಲ್ಲಿನದು ಬರುತ್ತದೆ, ಅದಕ್ಕೆ 'ನೀರು' ಅನ್ನುತ್ತೇವೆ. ಇನ್ನೊಂದರಲ್ಲಿ ನದಿಯಿಂದ ಬರುವುದಕ್ಕೆ ಹಾಗನ್ನುವ ವಾಡಿಕೆಯೇ ಇಲ್ಲ. 'ಕಾವೇರಿ ಬಂತು', 'ಕಾವೇರಿ ಹಿಡಿದಿಡು', 'ಅವರಿಗೊಂದು ಲೋಟ ಕಾವೇರಿ ಕೊಡು.' ಪಾತ್ರೆ ಬಟ್ಟೆಗೆ ನೀರು; ದೇವರಿಗೆ ಮತ್ತು ನೆಂಟರಿಗೆ ಕಾವೇರಿ. ಬೆಂಗಳೂರಿನ ಉತ್ತರದ ಈ ಬಡಾವಣೆಗಳಲ್ಲಿ ಮನೆತನದ ಅಂತಸ್ತು ಅಳೆಯುವುದೇ ಅದರಿಂದ.

ಬ್ಯಾಟರಿ ಬಂದು ಕೆಲವು ತಿಂಗಳ ಮೇಲೆ ಒಂದು ಸಂಜೆ, ಟಿ. ದಾಸರಹಳ್ಳಿಯ ಒಬ್ಬ ತಾಯಿ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಸೇರಿಸುವ ಮುಂಚೆ ಮನೆಯಿಂದಲೇ ಒಂದು ಪಾಠ ಕೇಳಿ ನೋಡುತ್ತೇನೆ ಎಂದಿದ್ದರು. ಶ್ಯಾಮಲಾ ಒಳ್ಳೆಯ ಸೀರೆ ಉಟ್ಟು, ಶ್ರುತಿ ಹಿಡಿದು, ಕಣ್ಣು ಮುಚ್ಚಿ ಆಲಾಪನೆ ಶುರು ಮಾಡಿದಳು. ಕರೆಂಟು ಹೋಯಿತು. ಯುಪಿಎಸ್ ಒಂದು ಸಲ ಕಿರುಚಿ ತಾನೂ ಹೋಯಿತು. ಕಣ್ಣು ಮುಚ್ಚಿದ್ದ ಅವಳು ಏನೂ ತಿಳಿಯದೆ, ಕಪ್ಪಾದ ಕಂಪ್ಯೂಟರಿಗೆ ಹಾಡುತ್ತಲೇ ಇದ್ದಳು. ಕರೆದು ಹೇಳುವ ಧೈರ್ಯ ನನಗೆ ಬರಲಿಲ್ಲ. ಹಾಡು ಮುಗಿಸಿ ಕಣ್ಣು ಬಿಟ್ಟವಳು ಬೈಯುವ ಬದಲು ಹಾಡಿನ ಪುಸ್ತಕ ಮುಚ್ಚಿಟ್ಟಳು, ಅದೇ ನನ್ನನ್ನು ಹೆದರಿಸಿತು.

ಮೊಬೈಲ್ ಬೆಳಕಿನಲ್ಲಿ ನೋಡಿದರೆ ಬ್ಯಾಟರಿ ಮುಚ್ಚಳದವರೆಗೂ ತುಂಬಿ, ಹೊರಗೆ ಉಕ್ಕಿ, ಸೋಫಾದ ಕೆಳಗೂ ಹರಿದಿತ್ತು. ಆಮ್ಲವಲ್ಲವೇ, ಅದರ ಮೇಲೆ ಅಡುಗೆಸೋಡ ಸುರಿಯುತ್ತಲೇ ವಿಚಾರಣೆ ನಡೆಸಿದೆ. ಡಿಸ್ಟಿಲ್ಡ್ ವಾಟರ್ ನಾನು ಹಾಕಿದ್ದೆ. ನಾನು ಸೋಮಾರಿ ಎಂದು ನಂಬಿ ಶ್ಯಾಮಲಾಳೂ ಹಾಕಿದ್ದಳು. ಆಮೇಲೆ ಅಮ್ಮ ಮೆಲ್ಲಗೆ ಬಾಯಿಬಿಟ್ಟರು.

"ಶುಕ್ರವಾರ ಶುಕ್ರವಾರ ನಾನೂ ಒಂದ್ ಲೋಟ ಹಾಕ್ತಿದ್ದೆ. ಪಾಪ, ಮನೆಗೆಲ್ಲಾ ಬೆಳಕು ಕೊಡುತ್ತೆ ಅಂತ."

"ಅಮ್ಮಾ! ಮನೆ ನೀರು ಹಾಕ್ಬಾರ್ದು ಅಂತ ಹೇಳಿರ್ಲಿಲ್ವಾ?"

"ನೀರು ಹಾಕ್ಬಾರ್ದು ಅಂದೆ. ಕಾವೇರಿ ಹಾಕ್ಬಾರ್ದು ಅಂದ್ಯಾ?"

ಎಲೆಗೆ ಅಡ್ಡ ಕೈ ಹಿಡಿದರೂ ಬಿಡದೆ ಬಡಿಸುವ ಮನೆ ನಮ್ಮದು. ನೆಂಟರಾದರೆ ಎದ್ದು ಹೋಗಬಹುದು, ಬ್ಯಾಟರಿ ಎಲ್ಲಿಗೆ ಹೋಗಬೇಕು? ಸಾಯುವುದೊಂದೇ ದಾರಿ.

ಅಷ್ಟರಲ್ಲಿ ಶ್ಯಾಮಲಾಳ ಫೋನು ಬಡಿದುಕೊಂಡಿತು. ದಾಸರಹಳ್ಳಿಯ ತಾಯಿ. ಇದು ಕೊನೆಯ ಪಾಠವೇ ಎಂಬಂಥ ಮುಖದಲ್ಲಿ ಅವಳು ಸ್ಪೀಕರಿಗೆ ಹಾಕಿದಳು.

"ಮೇಡಂ, ತಪ್ಪು ತಿಳ್ಕೋಬ್ಯಾಡ್ರಿ. ನೀವು ಶುರು ಮಾಡಿದ್ರಿ, ನಮ್ಮನ್ಯಾಗ ಕರೆಂಟ್ ಹೋತು. ಯುಪಿಎಸ್ ಐತ್ರಿ, ಅದೂ ಕೈಕೊಟ್ತು. ನಿಮ್ಮ ಹಾಡು ಅರ್ಧಕ್ಕ ಬಿಟ್ಟಂಗಾತು. ನಾಚಿಕಿ ಆಗ್ತದ್ರಿ. ಕೇಳಿದಷ್ಟು ಭಾಳ ಚಲೋ ಇತ್ತು, ನಾಳಿಂದ ಇಬ್ಬರನ್ನೂ ಕೂಡಸ್ತೀನ್ರಿ."

ಶ್ಯಾಮಲಾ ಆಮ್ಲ ತಾಗದಂತೆ ಎರಡೂ ಕಾಲು ಸೋಫಾದ ಮೇಲೆ ಎತ್ತಿಕೊಂಡು, ಸೀರೆ ಸರಿ ಮಾಡಿಕೊಂಡು, ಶುದ್ಧ ಗುರುವಿನ ದನಿಯಲ್ಲಿ ಹೇಳಿದಳು: "ಅಯ್ಯೋ, ಪರವಾಗಿಲ್ಲ ಬಿಡಿ. ಆದ್ರೆ ಯುಪಿಎಸ್ ಅಂದ್ಮೇಲೆ ಸ್ವಲ್ಪ ನೋಡ್ಕೋಬೇಕಲ್ವಾ? ಕಂಡ್ ಕಂಡ್ ನೀರೆಲ್ಲಾ ಹಾಕ್ಬಾರ್ದು, ಅಳತೆ ಮೀರಿ ಹಾಕ್ಬಾರ್ದು. ನಮ್ಮೆಜಮಾನ್ರು ಕೆಮಿಸ್ಟ್ರಿ ಲೆಕ್ಚರರ್, ಬೇಕಾದ್ರೆ ಕೇಳಿ ಹೇಳ್ತೀನಿ."

ನಾನು ಸೋಡದ ಡಬ್ಬಿ ಹಿಡಿದು ನೆಲದ ಮೇಲೆ ಮಂಡಿಯೂರಿದ್ದೆ. ಅಮ್ಮ ಬಗ್ಗಿ, ಫೋನಿನಲ್ಲಿರುವವರಿಗೆ ಕೇಳಿಸದ ಹಾಗೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು:

"ಪಾಪ, ಅವ್ರ ಮನೇಲೂ ಒಬ್ಳು ಅತ್ತೆ ಇದ್ದಾಳೆ ಕಣೋ."