ತಣ್ಣಗೆ ಬಿದ್ದ ಮುಳ್ಳು

ಉಸ್ತಾದರ ಬಲ ಅಂಗೈಯ ನಡುವೆ ರೇಡಿಯೇಟರಿನ ಮುಚ್ಚಳದಷ್ಟೇ ಅಗಲದ, ನುಣುಪಾದ ಸುಟ್ಟ ಗುರುತಿತ್ತು. "ಇದು ನನ್ನ ಸರ್ಟಿಫಿಕೇಟ್‌ರಿ" ಎನ್ನುತ್ತಿದ್ದರು. "ಬಿಸಿ ಎಂಜಿನ್ನಿನ ಮುಚ್ಚಳ ತೆಗೀಬಾರದು ಅಂತ ಇದರಾಗ ಬರದೈತಿ." ಅವರ ಗ್ಯಾರೇಜು ರಾಣೇಬೆನ್ನೂರಿನಲ್ಲಿ. ನಾನು ಹಾವೇರಿಯಲ್ಲಿ ವಾಸವಾಗಿದ್ದರೂ ನನ್ನ ಹಳೆಯ ಕಾರನ್ನು ಬೇರೆಯವರ ಕೈಗೆ ಕೊಟ್ಟವನಲ್ಲ.

ಶಾಸನಗಳ ಕಾಲನಿರ್ಣಯದಲ್ಲಿ ಆಯುಷ್ಯ ಕಳೆದ ನಾನು, ಬೆಳಿಗ್ಗೆ ಕಾರಿನ ಎಂಜಿನ್ನನ್ನು ನಿಂತಲ್ಲೇ ಹತ್ತು ನಿಮಿಷ ಓಡಿಸಿ, ಉಷ್ಣಮಾಪಕದ ಮುಳ್ಳು ಏಳುವ ಹೊತ್ತನ್ನು ದಿನಚರಿಯಲ್ಲಿ ದಾಖಲಿಸುತ್ತಿದ್ದೆ. ಆ ದಿನಚರಿ ನೋಡಿ ಉಸ್ತಾದರು ನಕ್ಕರು. "ಚಾ ಕಾಸಾಕತ್ತೀರೇನ್ರಿ ಸರ? ಅರ್ಧ ನಿಮಿಷ ಸಾಕು. ಆಮ್ಯಾಲೆ ಮೆಲ್ಲಕ ಹೊಡೀರಿ. ಮುಳ್ಳು ನಡುವಿಗೆ ಬರೂತನಕ ಜೋರು ಮಾಡಬ್ಯಾಡ್ರಿ. ಎದ್ದ ಕೂಡ್ಲೆ ಯಾರರ ಓಡ್ತಾರೇನು?"

ಅವರನ್ನು ಸರಿಯಾಗಿ ಅರಿತದ್ದು ಹೊಳೆದಂಡೆಯ ಐರಣಿಗೆ ಹೋದ ದಿನ. ದಿನಚರಿ ಅದನ್ನು ಗುರುವಾರವೆನ್ನುತ್ತದೆ, ಆಸ್ಪತ್ರೆಯ ಚೀಟಿ ಶುಕ್ರವಾರವೆನ್ನುತ್ತದೆ. ದಿನಚರಿಯನ್ನು ಎರಡು ದಿನ ತಡವಾಗಿ ಬರೆದದ್ದರಿಂದ ಚೀಟಿಯನ್ನೇ ಒಪ್ಪುತ್ತೇನೆ. ನಾನು ಶಾಸನ ಓದುತ್ತಿದ್ದಾಗ ನನ್ನ ಹೆಂಡತಿ ನದಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಬೆರಳುಗಳು ಮರಗಟ್ಟತೊಡಗಿದವು. ಅದೇ ಊರಿನ ತಂಗಿಯ ಮನೆಗೆ ಬಂದಿದ್ದ ಉಸ್ತಾದರು ಸುದ್ದಿ ಕೇಳಿ ಬಂದು ನನ್ನ ಪಕ್ಕ ಕುಳಿತರು. ರಾಣೇಬೆನ್ನೂರಿನ ಆಸ್ಪತ್ರೆಗೆ ಹೊರಟೆವು.

ಅರ್ಧ ದಾರಿಯಲ್ಲಿ ಮುಳ್ಳು ಕೆಂಪು ಗೆರೆಯತ್ತ ಏರಿತು. ನಾನು ಗಾಬರಿಯಾಗುವಷ್ಟರಲ್ಲಿ ತಣ್ಣಗಿನ ತುದಿಗೆ ಬಿದ್ದುಬಿಟ್ಟಿತು. ಸಮಾಧಾನದಿಂದ ವೇಗ ಹೆಚ್ಚಿಸಿದೆ.

"ನಿಲ್ಲಿಸ್ರಿ" ಎಂದರು ಉಸ್ತಾದರು.

"ಮುಳ್ಳು ತಣ್ಣಗೈತಲ್ರಿ" ಎಂದೆ.

"ಅದಕ್ಕ ನಿಲ್ಲಿಸ್ರಿ. ಮುಳ್ಳಿಗೆ ಸುದ್ದಿ ಕೊಡೂ ಸೆನ್ಸರ್ ಎಂಜಿನ್ನಿನ ನೀರಾಗ ಮುಳುಗಿದ್ರ ಖರೇ ಹೇಳತೈತಿ. ನೀರ ಹೋಗಿದ್ರ ಏನ ಹೇಳಬೇಕು? ಇನ್ನ ಎರಡು ಮೈಲಿ ಹೊಡದ್ರ ಎಂಜಿನ್ ಹಿಡಕೋತೈತಿ. ಅಕ್ಕಾರ ಕೈ ನೋಡಕೋತ ಇಲ್ಲೇ ಕುಂದ್ರಬೇಕಾಗತೈತಿ."

ಹಿಂದಿನ ಸೀಟಿನಿಂದ ನನ್ನ ಹೆಂಡತಿ ನರಳುತ್ತಲೇ ಹೇಳಿದಳು: "ಬೆಲ್ಲದ ಪಾಕದ ವಾಸನಿ ಬರಾಕತ್ತೈತಿ ಅಂತ ನಾ ಆವಾಗ್ಲೇ ಹೇಳೀನಿ. ಇವ್ರಿಗೆ ಲಿಖಿತ ಆಧಾರ ಬೇಕು."

ಎಂಜಿನ್ ತಣಿಸುವ ಸಿಹಿವಾಸನೆಯ ನೀರು ಕೊಳವೆಯ ತುದಿ ಸೀಳಿ ಸೋರಿಹೋಗಿತ್ತು. ಉಸ್ತಾದರು ಸೀಳಿದಷ್ಟನ್ನು ಕತ್ತರಿಸಿ, ಉಳಿದುದನ್ನು ಎಳೆದು ಬಿಗಿದರು. ಪಕ್ಕದ ಹೊಲದ ಪಂಪಿನಿಂದ ನೀರು ತಂದಿಟ್ಟರೂ ಎಂಜಿನ್ ಆರುವವರೆಗೆ ಹೊಯ್ಯಲಿಲ್ಲ. ಬೇರೆ ವಾಹನವೂ ಬರಲಿಲ್ಲ. ನಾನು ಅವಸರಪಡಿಸಿದಾಗಲೆಲ್ಲ ಅಂಗೈ ತೋರಿಸಿದರು. ನನ್ನ ಗಡಿಯಾರದ ಪ್ರಕಾರ ಮೂವತ್ತೈದು ನಿಮಿಷ. ಆಸ್ಪತ್ರೆ ತಲುಪಿದೆವು, ಕೈ ಉಳಿಯಿತು.

ಆ ವಾರ, ನೀರಿಲ್ಲದ ಮುಳ್ಳನ್ನು ನೆನೆದು, ನನ್ನದೊಂದು ಲೇಖನವನ್ನು ತಿದ್ದಿದೆ. ಶಾಸನದಲ್ಲಿ ಉಲ್ಲೇಖವಿಲ್ಲವೆಂಬ ಒಂದೇ ಕಾರಣಕ್ಕೆ ಒಂದು ಊರಿನಲ್ಲಿ ಕೆರೆಯೇ ಇರಲಿಲ್ಲವೆಂದು ಬರೆದಿದ್ದೆ. "ತಿಳಿಯದು" ಎಂದು ಬದಲಿಸಿದೆ. ಅಡಿಟಿಪ್ಪಣಿಯಲ್ಲಿ ಅವರ ಋಣ ಸೂಚಿಸಲೇ ಎಂದು ಕೇಳಿದರೆ ಉಸ್ತಾದರು, "ಕೆರಿ ಸಿಕ್ರ ಹೇಳ್ರಿ, ನಿಮ್ಮ ಗಾಡಿಗೆ ಬೇಕಾಗತೈತಿ" ಎಂದರು.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅವರ ಮಣ್ಣಿಗೆ ಹೋಗಲು ಬೆಳಿಗ್ಗೆ ಕಾರು ಹತ್ತಿದಾಗ ಹೊತ್ತಾಗಿತ್ತು. ನನ್ನ ಕಾಲು ತಾನಾಗಿ ಆಕ್ಸಿಲರೇಟರನ್ನು ಬಲವಾಗಿ ಒತ್ತಿತು. ಹೆಂಡತಿ ಅಂದು ಮುರಿದಿದ್ದ ಕೈಯನ್ನೇ ನನ್ನ ತೋಳಿನ ಮೇಲಿಟ್ಟಳು.

"ಮೆಲ್ಲಕ ಹೊಡೀರಿ. ಮುಳ್ಳು ಏಳಲಿ."